ಕರೆದವರ ಮನೆಗೆ ಯಾವ ವೇಷದಲ್ಲಿ ಹೋಗುವುದು?

ಮದುವೆ, ಹುಟ್ಟುಹಬ್ಬ, ಕಾಲೇಜಿನ ಉತ್ಸವ ಮತ್ತು ವರ್ಷಾಂತ್ಯದ ಪಾರ್ಟಿಗಳಲ್ಲಿ ತೊಡುವ ಉಡುಗೆ ಹಾಗೂ ವೇಷಗಳ ಕುರಿತು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮಗ, ಸೊಸೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದಾರೆ. ಕಳೆದ ಅಕ್ಟೋಬರಿನಲ್ಲಿ ನಾವು ದಂಪತಿ ಅಲ್ಲಿಗೆ ಹೋಗಿದ್ದಾಗ ಪಕ್ಕದ ಮನೆಯವರು ಹ್ಯಾಲೋವೀನ್ ಪಾರ್ಟಿಗೆ ಕರೆದರು. ಎಲ್ಲರೂ ವೇಷ ಹಾಕಿಕೊಂಡು ಬರುತ್ತಾರೆಂದು ಸೊಸೆ ಹೇಳಿದರೂ, ಈ ವಯಸ್ಸಿನಲ್ಲಿ ನಮಗೇಕೆ ಅದೆಲ್ಲ ಎಂದುಕೊಂಡು ನಾನು ಪಂಚೆ, ಜುಬ್ಬದಲ್ಲಿಯೂ ನನ್ನಾಕೆ ರೇಷ್ಮೆ ಸೀರೆ, ಅವಲಕ್ಕಿ ಸರದಲ್ಲಿಯೂ ಹೋದೆವು. ಮಾಟಗಾತಿಯ ಟೋಪಿ ಧರಿಸಿದ್ದ ಒಬ್ಬ ಹೆಂಗಸು ನನ್ನಾಕೆಯನ್ನು ಕಂಡು, ‘ಎಷ್ಟು ಚೆನ್ನಾಗಿದೆ, ನಿಮ್ಮದು ಯಾವ ಪಾತ್ರ?’ ಎಂದು ಕೇಳಿದರು. ಅದು ನನ್ನಾಕೆಯ ಮನಸ್ಸನ್ನು ಇಂದಿಗೂ ಚುಚ್ಚುತ್ತಿದೆ. ಇದನ್ನು ಅವಮಾನವೆಂದು ತಿಳಿಯಬೇಕೆ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಅವಮಾನವೆಂದು ತಿಳಿಯಬೇಕಾಗಿಲ್ಲ, ಆದರೆ ತಮ್ಮ ಪತ್ನಿಯವರಿಗೆ ನೋವಾದದ್ದು ವಿನಾಕಾರಣವೂ ಅಲ್ಲ. ನಮ್ಮಲ್ಲಿ ಸಮಾರಂಭಕ್ಕೆ ಹೊರಡುವಾಗ ಬೀರುವಿನಿಂದ ಹೊರಬರುವ ಸೀರೆಯೂ ಒಡವೆಯೂ ತೊಟ್ಟವರನ್ನು ಬೇರೆ ಯಾರನ್ನೋ ಆಗಿಸುವುದಕ್ಕಲ್ಲ, ಅವರನ್ನೇ ಇನ್ನಷ್ಟು ಲಕ್ಷಣವಾಗಿ ಕಾಣಿಸುವುದಕ್ಕೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿ ಅಷ್ಟೆಲ್ಲ ಅಲಂಕಾರ ಮಾಡಿಕೊಂಡು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿರುವುದು ತನ್ನ ಮುಖವನ್ನೇ. ಹಾಗೆ ಸಿಂಗರಿಸಿಕೊಂಡವರನ್ನು ‘ಯಾರ ಪಾತ್ರ’ ಎಂದು ಕೇಳಿದರೆ, ಅವರು ತಮ್ಮ ಗೌರವಕ್ಕಾಗಿ ಉಟ್ಟದ್ದನ್ನು ಬಾಡಿಗೆಗೆ ತಂದದ್ದೆಂದು ಹೇಳಿದಂತಾಗುತ್ತದೆ.

ಕೇಳಿದ ಹೆಂಗಸಿನ ಕಡೆಯಿಂದಲೂ ನೋಡೋಣ. ಆ ರಾತ್ರಿ, ಆ ಮನೆಯೊಳಗೆ, ಬಂದವರೆಲ್ಲರೂ ಬೇರೆ ಯಾರೋ ಆಗಿರಬೇಕೆಂಬುದು ಅವರೆಲ್ಲರೂ ಒಪ್ಪಿಕೊಂಡ ನಿಯಮವಾಗಿತ್ತು. ಅವರಿಗೆ ತಮ್ಮ ಪತ್ನಿಯವರು ಚೆನ್ನಾಗಿ ಕಂಡರು. ಚೆನ್ನಾಗಿ ಕಂಡದ್ದನ್ನು ಆ ಮನೆಯಲ್ಲಿ ಹೇಳುವ ಬಗೆಯೇ ಆ ಪ್ರಶ್ನೆ.

ನಮಗೂ ಅವರಿಗೂ ಇರುವ ನಿಜವಾದ ವ್ಯತ್ಯಾಸ ನನಗೆ ತೋರುವುದು ಇಲ್ಲಿ. ವೇಷ ನಮಗೆ ಹೊಸದಲ್ಲ: ವೀರಗಾಸೆ, ಸೋಮನ ಕುಣಿತ, ಹಗಲುವೇಷ, ಕರಾವಳಿಯ ಹುಲಿವೇಷ, ಊರೂರಿನ ಪೌರಾಣಿಕ ನಾಟಕ, ಇವೆಲ್ಲವನ್ನೂ ನೋಡಿಯೇ ನಾವು ಬೆಳೆದವರು. ಆದರೆ ನಮ್ಮಲ್ಲಿ ವೇಷ ಕಟ್ಟುವವರು ಕೆಲವರು, ನೋಡುವವರು ಊರೆಲ್ಲ. ಕಟ್ಟುವವರಿಗೆ ಹರಕೆಯೋ ಮನೆತನದ ಹಕ್ಕೋ ತಿಂಗಳುಗಟ್ಟಲೆಯ ಅಭ್ಯಾಸವೋ ಇರುತ್ತದೆ. ನೋಡುವವರು ಶುಭ್ರವಾಗಿ ಉಟ್ಟು ಬಂದು ಕುಳಿತರೆ ಸಾಕು. ಪಾಶ್ಚಾತ್ಯರ ವೇಷದ ಪಾರ್ಟಿಯಲ್ಲಿ ಪ್ರೇಕ್ಷಕರೆಂಬ ವರ್ಗವೇ ಇಲ್ಲ. ಎಲ್ಲರೂ ಸಮನಾಗಿ ನಗೆಪಾಟಲಾಗುವುದೇ ಅಲ್ಲಿಯ ಸೌಜನ್ಯ. ಒಬ್ಬರು ಮಾತ್ರ ಗಂಭೀರವಾಗಿ ಉಟ್ಟು ನಿಂತರೆ ಉಳಿದವರಿಗೆ ತಮ್ಮನ್ನು ಯಾರೋ ಪರೀಕ್ಷಿಸುತ್ತಿದ್ದಾರೆಂಬ ಮುಜುಗರವಾಗುತ್ತದೆ. ತಾವು ಪ್ರೇಕ್ಷಕರಾಗಿ ಹೋದಿರಿ, ಅವರು ತಮ್ಮನ್ನು ಪಾತ್ರಧಾರಿಗಳ ಸಾಲಿಗೆ ಸೇರಿಸಿಕೊಂಡರು.

ಹ್ಯಾಲೋವೀನ್ ಬಗ್ಗೆಯೂ ಒಂದೆರಡು ಮಾತು ಹೇಳಬೇಕು, ಏಕೆಂದರೆ ಅದನ್ನು ಅಮೆರಿಕದ ಅಂಗಡಿಗಳ ಹಬ್ಬವೆಂದು ನಾವು ಸುಲಭವಾಗಿ ತಳ್ಳಿಹಾಕುತ್ತೇವೆ. ಅಕ್ಟೋಬರ್ 31ರ ಈ ಆಚರಣೆಯ ಬೇರುಗಳು ತಾವು ಹೋಗಿದ್ದ ನಾಡಿನಲ್ಲಿಯೂ ಐರ್ಲೆಂಡಿನಲ್ಲಿಯೂ ಇವೆ. 19ನೆಯ ಶತಮಾನದಲ್ಲಿ ಅಲ್ಲಿಂದ ವಲಸೆ ಹೋದವರು ಅದನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿ ಕುಂಬಳಕಾಯಿಯನ್ನು ಕೊರೆದು ದೀಪ ಇಡುವುದು ರೂಢಿಯಾಯಿತು. ಮೂಲ ನಾಡಿನಲ್ಲಿ ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆಯನ್ನು. ಸ್ಕಾಟ್ಲೆಂಡಿನ ಹಳೆಯ ಪದ್ಧತಿಯಲ್ಲಿ ವೇಷ ಹಾಕಿಕೊಂಡು ಮನೆ ಬಾಗಿಲಿಗೆ ಬಂದ ಮಕ್ಕಳು ಒಂದು ಹಾಡನ್ನೋ ಪದ್ಯವನ್ನೋ ನಗೆಮಾತನ್ನೋ ಹೇಳಿದ ಮೇಲೆಯೇ ತಿನಿಸು ಪಡೆಯುತ್ತಿದ್ದರು. ಶಿಕ್ಷಕರಾಗಿದ್ದ ತಮಗೆ ಈ ಷರತ್ತು ಹಿಡಿಸೀತು.

ಮುಂದಿನ ಸಲ ಹೋದಾಗ ಪಂಚೆಯನ್ನೂ ಸೀರೆಯನ್ನೂ ಬಿಡಬೇಕಾಗಿಲ್ಲ. ಅಂಗಡಿಯಲ್ಲಿ ಸಿಗುವ ಒಂದು ಕಾಗದದ ಟೋಪಿಯೋ ಕಣ್ಣಿಗೆ ಕಟ್ಟುವ ಮುಖವಾಡವೋ ಸಾಕು. ಆಟಕ್ಕೆ ಬಂದಿದ್ದೇವೆಂದು ತಿಳಿಸಲು ಅಷ್ಟೇ ಬೇಕಾಗಿರುವುದು.

ಪ್ರಶ್ನೆ: ಸಕಲೇಶಪುರದ ಬಳಿ ನಮಗೆ ಕಾಫಿ ತೋಟವೂ ಚಿಕ್ಕದೊಂದು ಹೋಮ್‌ಸ್ಟೇಯೂ ಇವೆ. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಬಂದಿದ್ದ ಒಂದು ತಂಡದವರು ‘ತೋಟದ ಆಳು’ ಎಂಬ ಥೀಮ್ ಇಟ್ಟುಕೊಂಡು ರಾತ್ರಿ ಪಾರ್ಟಿ ಮಾಡಿದರು. ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಶರ್ಟು ತೊಟ್ಟು, ತಲೆಗೆ ಟವೆಲ್ ಕಟ್ಟಿ, ಮುಖಕ್ಕೆ ಮಸಿ ಬಳಿದುಕೊಂಡಿದ್ದರು. ಅಡುಗೆಗೆ ನೆರವಾಗಲು ಬಂದಿದ್ದ ನಮ್ಮ ಲೈನ್‌ಮನೆಯ (ತೋಟದ ಆಳುಗಳು ವಾಸಿಸುವ ಸಾಲುಮನೆ) ಹೆಂಗಸರು ನೋಡಿ ನಕ್ಕರು. ಮಾರನೆಯ ಬೆಳಿಗ್ಗೆ ಅವರಲ್ಲೊಬ್ಬರು, ‘ನಮ್ಮನ್ನ ಆಡ್ಕೊಂಡ್ರಲ್ಲಮ್ಮ’ ಎಂದರು. ನಾನು ಅತಿಥಿಗಳಿಗೆ ಏನು ಹೇಳಬೇಕಾಗಿತ್ತು?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಆ ಹೆಂಗಸು ಸರಿಯಾಗಿಯೇ ಹೇಳಿದ್ದಾರೆ. ಹಿಂದಿನ ರಾತ್ರಿ ನಕ್ಕದ್ದನ್ನು ಒಪ್ಪಿಗೆಯೆಂದು ತಿಳಿಯಬಾರದು. ಕೂಲಿ ಕೊಡುವ ಧಣಿಯ ಮನೆಯ ಅತಿಥಿಗಳೆದುರು ನಗದೆ ಇರುವುದು ಕಷ್ಟ.

ಸೀರೆಯ ಮೇಲಿನ ಶರ್ಟು ತಮಾಷೆಗೆ ಹುಟ್ಟಿದ್ದಲ್ಲ. ಡಿಸೆಂಬರ್ ಹಣ್ಣು ಕುಯ್ಯುವ ಕಾಲ. ಗಿಡದ ರೆಂಬೆಗಳು ತೋಳನ್ನು ತರಚದಿರಲಿ, ಚಗಳಿ ಇರುವೆ ಮೈಮೇಲೆ ಹರಿಯದಿರಲಿ, ಎಲೆಯ ಮೇಲಿನ ಇಬ್ಬನಿಗೆ ಸೀರೆ ತೋಯದಿರಲಿ ಎಂದು ಅವರು ಅದನ್ನು ತೊಡುತ್ತಾರೆ. ಅದೇ ಶರ್ಟನ್ನು ಅತಿಥಿಗಳು ಮಾರನೆಯ ದಿನ ತೊಟ್ಟು ಒಂದು ಸಾಲು ಹಣ್ಣು ಕುಯ್ದಿದ್ದರೆ ಯಾರಿಗೂ ಬೇಸರವಾಗುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಮಸಿಯ ಮಾತು ಬೇರೆ. ಮಸಿ ಯಾವ ಕೆಲಸದ ಉಡುಪಿನಲ್ಲಿಯೂ ಇಲ್ಲ. ಅದು ಮೈಬಣ್ಣವನ್ನು ಕುರಿತ ಗೇಲಿ.

ಇದು ನಮ್ಮ ಅತಿಸೂಕ್ಷ್ಮತೆಯಲ್ಲ. ಅಮೆರಿಕದಲ್ಲಿ 19ನೆಯ ಶತಮಾನದ ಬಿಳಿಯ ನಟರು ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಪ್ರದರ್ಶನಗಳನ್ನು ಊರೂರಿಗೆ ಒಯ್ದಿದ್ದರಿಂದ, ಇಂದು ಅಲ್ಲಿ ಯಾವ ಪಾರ್ಟಿಯಲ್ಲಿಯೂ ಹಾಗೆ ಬಳಿದುಕೊಳ್ಳುವುದು ಕ್ಷಮೆಗೆ ಅರ್ಹವಲ್ಲದ ನಡತೆಯೆನಿಸಿದೆ. ಕೆನಡಾದ ಪ್ರಧಾನಿಯಾಗಿದ್ದ ಜಸ್ಟಿನ್ ಟ್ರೂಡೊ ಅವರು 2001ರಲ್ಲಿ ‘ಅರೇಬಿಯನ್ ನೈಟ್ಸ್’ ಎಂಬ ಥೀಮಿನ ಸಮಾರಂಭಕ್ಕೆ ಪೇಟ ಸುತ್ತಿ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಹೋಗಿದ್ದ ಚಿತ್ರ 2019ರ ಚುನಾವಣೆಯ ಹೊತ್ತಿಗೆ ಹೊರಬಂದಾಗ ಅವರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಬ್ರಿಟನ್ನಿನ ರಾಜಕುಮಾರ ಹ್ಯಾರಿ 2005ರಲ್ಲಿ ಗೆಳೆಯರ ಪಾರ್ಟಿಯೊಂದಕ್ಕೆ ನಾಜಿ ಸೈನಿಕನ ವೇಷದಲ್ಲಿ ಹೋಗಿ ಹಾಗೆಯೇ ಕ್ಷಮೆ ಕೇಳಿದರು. ಆ ಪಾರ್ಟಿಗೆ ಇಟ್ಟಿದ್ದ ಥೀಮ್ ವಸಾಹತಿನ ಆಳರಸರು ಮತ್ತು ಅಲ್ಲಿಯ ಮೂಲನಿವಾಸಿಗಳು ಎಂಬುದಾಗಿತ್ತು. ನಾಜಿ ತೋಳುಪಟ್ಟಿಯ ಬಗ್ಗೆ ಎದ್ದ ಗದ್ದಲ ಆ ಥೀಮಿನ ಬಗ್ಗೆ ಅಷ್ಟಾಗಿ ಏಳಲಿಲ್ಲವೆಂಬುದು ಒಮ್ಮೆ ಆಳಿಸಿಕೊಂಡ ನಮಗೆ ಗಮನಿಸತಕ್ಕ ಸಂಗತಿ.

ವೇಷದಲ್ಲಿ ಗೇಲಿ ಇರಲೇಬಾರದೆಂದು ನಾನು ಹೇಳುತ್ತಿಲ್ಲ. ಯಕ್ಷಗಾನದ ಹಾಸ್ಯಗಾರ ರಾಜನನ್ನೇ ಮಾತಿನಲ್ಲಿ ಸಿಕ್ಕಿಸುತ್ತಾನೆ. ಜರ್ಮನಿಯ ಕಲೋನ್ ನಗರದ ಕಾರ್ನಿವಲ್‌ನಲ್ಲಿ ಒಂದು ಗುರುವಾರ ಹೆಂಗಸರು ಕತ್ತರಿ ಹಿಡಿದು ಗಂಡಸರ ಟೈಗಳನ್ನು ಕತ್ತರಿಸುತ್ತಾರೆ, ಕಚೇರಿಯ ಮೇಲಧಿಕಾರಿಯದನ್ನೂ ಬಿಡುವುದಿಲ್ಲ. ಅಲ್ಲಿ ಗೇಲಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ತಮ್ಮ ಹೋಮ್‌ಸ್ಟೇಯಲ್ಲಿ ಅದು ಮೇಲಿನಿಂದ ಕೆಳಕ್ಕೆ ಬಂತು.

ಬುಕಿಂಗ್ ಮಾಡುವಾಗಲೇ ವೇಷದ ಪಾರ್ಟಿ ಇದ್ದರೆ ಥೀಮ್ ತಿಳಿಸಬೇಕೆಂದು ಒಂದು ಸಾಲು ಸೇರಿಸಿರಿ. ತೋಟದ ಥೀಮೇ ಬೇಕೆಂದು ಹಟ ಹಿಡಿದರೆ ಧಣಿಯ ವೇಷ ಹಾಕಲಿ: ಖಾಕಿ ಚಡ್ಡಿ, ಮೊಣಕಾಲಿನವರೆಗಿನ ಕಾಲುಚೀಲ, ಹ್ಯಾಟು, ಕೈಯಲ್ಲೊಂದು ಕೋಲು. ಲೈನ್‌ಮನೆಯವರು ಆಗಲೂ ನಗುತ್ತಾರೆ. ಆ ನಗುವಿಗೆ ಮಾರನೆಯ ದಿನ ವಿವರಣೆ ಬೇಕಾಗುವುದಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ಎಥ್ನಿಕ್ ಡೇಗೆ ಕರಾವಳಿಯ ಭೂತಕೋಲದ ದೈವದ ವೇಷ ಹಾಕಬೇಕೆಂದು ನಮ್ಮ ಗುಂಪು ಯೋಚಿಸಿದೆ. ಭಕ್ತಿಯಿಂದಲೇ ಮಾಡುತ್ತೇವೆ. ಕರಾವಳಿಯ ಸಹಪಾಠಿಯೊಬ್ಬ ಬೇಡವೆನ್ನುತ್ತಿದ್ದಾನೆ. ಕೃಷ್ಣನ ವೇಷ ಹಾಕಬಹುದಾದರೆ ದೈವದ್ದನ್ನು ಏಕೆ ಹಾಕಬಾರದು?
– ವಿದ್ಯಾರ್ಥಿ, ಮೂಡಿಗೆರೆ

ಉತ್ತರ: ಸಹಪಾಠಿಯ ಮಾತನ್ನು ಕೇಳಿರಿ. ಚಾರ್ಮಾಡಿ ಘಾಟಿಯ ಕೆಳಗಿನ ಅವರ ಊರಿನಲ್ಲಿ ಕೃಷ್ಣನ ವೇಷ ಮಕ್ಕಳೆಲ್ಲರದು, ಯಕ್ಷಗಾನದ ವೇಷ ಕಲಿತವರೆಲ್ಲರದು. ಆದರೆ ದೈವದ ಬಣ್ಣ, ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಪ್ರಭಾವಳಿ), ಗಗ್ಗರ (ಕಾಲಿನ ಬಳೆ)ಗಳು ಪರವ, ಪಂಬದ, ನಲಿಕೆ ಮೊದಲಾದ ಸಮುದಾಯಗಳ ನರ್ತಕರಿಗೆ ಪರಂಪರೆಯಿಂದ ಬಂದ ಹೊಣೆ. ಎಣ್ಣೆ ಬೂಳ್ಯ, ಅಂದರೆ ವಿಧಿಪೂರ್ವಕವಾಗಿ ಕೊಡುವ ಎಣ್ಣೆ, ವೀಳ್ಯ, ಸ್ವೀಕರಿಸಿದ ಮೇಲೆಯೇ ಅವರು ಬಣ್ಣಕ್ಕೆ ಕೂರುತ್ತಾರೆ. ಆ ವೇಷ ಪೂರ್ಣಗೊಂಡಾಗ ನಂಬಿದವರಿಗೆ ಎದುರಿಗಿರುವುದು ದೈವವೇ ಹೊರತು ಪಾತ್ರವಲ್ಲ, ಅದು ಹೇಳುವ ನುಡಿ ಊರಿನ ವ್ಯಾಜ್ಯವನ್ನೂ ತೀರಿಸುತ್ತದೆ. ನಿಮ್ಮ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಭಕ್ತಿ ಇದ್ದಮಾತ್ರಕ್ಕೆ ಅಧಿಕಾರ ಬರುವುದಿಲ್ಲ. 2022ರಿಂದೀಚೆಗೆ, ಸಿನಿಮಾದ ಪ್ರಭಾವದಿಂದ ವೇದಿಕೆಗಳಲ್ಲಿಯೂ ಸ್ಪರ್ಧೆಗಳಲ್ಲಿಯೂ ಈ ವೇಷ ಕಾಣಿಸಿಕೊಂಡಾಗಲೆಲ್ಲ ಕರಾವಳಿಯವರು ವಿರೋಧಿಸಿರುವುದು ಇದೇ ಕಾರಣಕ್ಕೆ.

ನಮ್ಮ ಜಿಲ್ಲೆಯ ವೀರಗಾಸೆಯನ್ನು ಆರಿಸಿಕೊಳ್ಳುವುದಾದರೆ ತಂಡವೊಂದರ ಹಿರಿಯರನ್ನು ಕಾಲೇಜಿಗೇ ಕರೆಸಿ, ಒಡಪು (ಕುಣಿತದ ನಡುವೆ ಹೇಳುವ ವೀರಭದ್ರನ ಸ್ತುತಿ) ಹೇಳುವುದನ್ನೂ ಹೆಜ್ಜೆ ಹಾಕುವುದನ್ನೂ ಕಲಿತು, ಅವರು ಒಪ್ಪಿದಷ್ಟನ್ನು ಮಾಡಿರಿ. ಸಂಭಾವನೆ ಕೊಡುವುದನ್ನು ಮರೆಯಬೇಡಿರಿ.

ಪ್ರಶ್ನೆ: ತಂಗಿಯ ಮಗಳ ಮದುವೆಗೆ ನನ್ನ ಮಗಳು ಕಪ್ಪು ಸೀರೆ ಉಡುತ್ತೇನೆಂದು ಹಟ ಹಿಡಿದಿದ್ದಾಳೆ. ವಿದೇಶದಲ್ಲಿ ಎಲ್ಲರೂ ಉಡುತ್ತಾರಂತೆ. ನಿಜವೆ?
– ಗೃಹಿಣಿ, ಕಡೂರು

ಉತ್ತರ: ಸಂಜೆಯ ಮದುವೆಗಳಿಗೆ ಅಲ್ಲಿ ಈಗ ಕಪ್ಪು ತೊಡುವವರು ಇದ್ದಾರೆ. ಆದರೆ ಅದೇ ಮದುವೆಗೆ ಅತಿಥಿಗಳು ಬಿಳಿ ತೊಟ್ಟು ಹೋದರೆ ತಪ್ಪಾಗುತ್ತದೆ, ಏಕೆಂದರೆ ಬಿಳಿ ಮದುಮಗಳ ಬಣ್ಣ. ಚೀನಾದಲ್ಲಿ ಬಿಳಿ ಸಾವಿನ ಮನೆಯದು, ಮದುವೆಗೆ ಕೆಂಪು. ಪಕ್ಕದ ಮಹಾರಾಷ್ಟ್ರದವರು ಸಂಕ್ರಾಂತಿಗೆ ಕಪ್ಪು ಸೀರೆಯನ್ನೇ ಉಡುತ್ತಾರೆ. ಬಣ್ಣಕ್ಕೆ ತನ್ನದೇ ಆದ ದೋಷವಿಲ್ಲ. ಕರೆದ ಮನೆಯವರು ಅದನ್ನು ಹೇಗೆ ಓದುತ್ತಾರೆ ಎಂಬುದಷ್ಟೇ ಪ್ರಶ್ನೆ. ಧಾರೆಗೆ ಬೇರೆ ಸೀರೆ, ಆರತಕ್ಷತೆಗೆ ಜರಿಯಂಚಿನ ಕಪ್ಪು ಸೀರೆ ಎಂದು ಮಗಳೊಡನೆ ಒಪ್ಪಂದ ಮಾಡಿಕೊಳ್ಳಿರಿ, ಮೊದಲು ತಂಗಿಗೆ ಒಂದು ಮಾತು ತಿಳಿಸಿರಿ.

ಪ್ರಶ್ನೆ: ನಮ್ಮ ಊರಿನ ಕ್ಲಬ್ಬೊಂದರಲ್ಲಿ ಗೆಳೆಯನ ಮಗನ ಹುಟ್ಟುಹಬ್ಬವಿತ್ತು. ಎಂಬತ್ತರ ಹತ್ತಿರದ ನನ್ನ ತಂದೆ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಬಂದಿದ್ದರು. ಕಾಲರಿನ ಶರ್ಟು, ಪ್ಯಾಂಟು, ಶೂ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲವೆಂದರು. ಒಳಗೆ ಅದೇ ಹೊತ್ತಿನಲ್ಲಿ ಜೇಡಮನುಷ್ಯನ ವೇಷದವನೊಬ್ಬ ಮಕ್ಕಳನ್ನು ರಂಜಿಸುತ್ತಿದ್ದ. ಇದಕ್ಕೆ ಏನೆನ್ನಬೇಕು?
– ಓದುಗರು, ಚಿಕ್ಕಮಗಳೂರು

ಉತ್ತರ: ಕಾಫಿ ನಾಡಿನ ಹಳೆಯ ಕ್ಲಬ್ಬುಗಳ ಪದ್ಧತಿ ಬ್ರಿಟಿಷ್ ಪ್ಲಾಂಟರುಗಳ ಕಾಲದ್ದು. ತೋಟದಲ್ಲಿ ಒಂಟಿಯಾಗಿರುತ್ತಿದ್ದ ಅವರು ವಾರಕ್ಕೊಮ್ಮೆ ಕುದುರೆಯೇರಿ ಬಂದು, ತಮ್ಮ ದೇಶದ ಉಡುಪಿನಲ್ಲಿ ಕುಳಿತು, ತಮ್ಮ ದೇಶದಲ್ಲಿಯೇ ಇದ್ದೇವೆಂದು ಕೆಲವು ಗಂಟೆ ಭಾವಿಸಿಕೊಳ್ಳುವುದಕ್ಕೆ ಆ ನಿಯಮ ಬೇಕಾಗಿತ್ತು. ಅವರು ಹೋದರು, ಅವರ ವೇಷದ ಪಾರ್ಟಿ, ಅದು ವೇಷವೆಂಬುದನ್ನೇ ಮರೆತು, ಮುಂದುವರಿದಿದೆ. ಅದೇ ಬ್ರಿಟಿಷರು ತಮ್ಮ ಊರಿನಲ್ಲಿ ಪೂರ್ವದೇಶದ ಉಡುಪನ್ನು ಬಹಳ ಉತ್ಸಾಹದಿಂದ ತೊಡುತ್ತಿದ್ದರು: ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ 1897ರ ಜುಲೈ 2ರಂದು ಲಂಡನ್ನಿನ ಡೆವನ್‌ಶೈರ್ ಹೌಸ್‌ನಲ್ಲಿ ನಡೆದ ಪ್ರಸಿದ್ಧ ವೇಷದ ಕೂಟಕ್ಕೆ, ಕರೆದ ಮನೆಯೊಡತಿಯೇ ಸಿರಿಯಾದ ಪಾಲ್ಮೈರಾದ ರಾಣಿ ಜೆನೋಬಿಯಾಳಾಗಿ ಬಂದಿದ್ದರು. ಪೂರ್ವದವರ ಉಡುಗೆ ವೇಷವಾಗಿ ಬಂದರೆ ಸ್ವಾಗತ, ಉಡುಗೆಯಾಗಿಯೇ ಬಂದರೆ ಬಾಗಿಲು ಬಂದ್.

ತಮಿಳುನಾಡಿನಲ್ಲಿ 2014ರ ಜುಲೈನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನೇ ಪಂಚೆ ಉಟ್ಟಿದ್ದರೆಂದು ಚೆನ್ನೈನ ಕ್ಲಬ್ಬೊಂದು ಒಳಗೆ ಬಿಡದಿದ್ದಾಗ, ಸರ್ಕಾರ ಮುಂದಿನ ತಿಂಗಳೇ ಕಾನೂನು ತಂದು ಅಂಥ ನಿರ್ಬಂಧವನ್ನು ನಿಷೇಧಿಸಿತು. ನಮ್ಮಲ್ಲಿ 2024ರ ಜುಲೈನಲ್ಲಿ ಪಂಚೆಯುಟ್ಟ ರೈತರೊಬ್ಬರನ್ನು ತಡೆದ ಬೆಂಗಳೂರಿನ ಮಾಲೊಂದನ್ನು ಏಳು ದಿನ ಮುಚ್ಚಿಸಲಾಗುವುದೆಂದು ಸರ್ಕಾರ ವಿಧಾನಸಭೆಯಲ್ಲಿಯೇ ಹೇಳಿತು. ತಾವು ಕ್ಲಬ್ಬಿನ ಕಾರ್ಯದರ್ಶಿಗೆ ಲಿಖಿತವಾಗಿ ಬರೆಯಿರಿ. ಗೆಳೆಯರು ಸದಸ್ಯರಾಗಿರುವುದರಿಂದ ನಿಯಮದ ತಿದ್ದುಪಡಿಯನ್ನು ವಾರ್ಷಿಕ ಸಭೆಯಲ್ಲಿ ಅವರೇ ಮಂಡಿಸಲಿ.

ಪ್ರಶ್ನೆ: ಯುಕೆಜಿಯಲ್ಲಿರುವ ಮಗನಿಗೆ ಶಾಲೆಯ ಛದ್ಮವೇಷ ಸ್ಪರ್ಧೆಯೆಂದರೆ ಅಳು. ಮೀಸೆ ಅಂಟಿಸಿದರೆ ಕಿತ್ತು ಹಾಕುತ್ತಾನೆ. ಬಹುಮಾನ ಬೇಡ, ಭಾಗವಹಿಸಿದರೆ ಸಾಕು.
– ತಾಯಿ, ಅರಸೀಕೆರೆ

ಉತ್ತರ: ಮೀಸೆಯಿಲ್ಲದ ಪಾತ್ರ ಆರಿಸಿರಿ. ಅವನೇ ತೊಟ್ಟು ಅವನೇ ಕಳಚಬಲ್ಲ ವೇಷವಾಗಿರಲಿ: ಅಂಚೆಯಣ್ಣನ ಚೀಲ, ವೈದ್ಯರ ಕೋಟು. ಹಕ್ಕಿಪಿಕ್ಕಿ, ಲಂಬಾಣಿ, ‘ಕಾಡುಜನ’ ಎಂದೆಲ್ಲ ಎಲೆ ಕಟ್ಟಿ ಮಸಿ ಬಳಿಯುವ ರೂಢಿಯನ್ನು ಮಾತ್ರ ಬಿಟ್ಟುಬಿಡಿ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಕುಟುಂಬಗಳು ಕೂದಲೆಣ್ಣೆ ತಯಾರಿಸಿ ದೂರದೂರಕ್ಕೆ ಮಾರುತ್ತಿವೆ. ಅವರ ಮಕ್ಕಳೂ ಸಮವಸ್ತ್ರ ತೊಟ್ಟು ನಿಮ್ಮ ಮಗನಂತೆಯೇ ಶಾಲೆಗೆ ಹೋಗುತ್ತಾರೆ.

ಪ್ರಶ್ನೆ: ಬೆಂಗಳೂರಿನ ಕಚೇರಿಯ ಪಾರ್ಟಿಯಲ್ಲಿ ನಾನು ಸೀರೆ ಉಟ್ಟು ಹೆಣ್ಣುವೇಷ ಹಾಕಿದ್ದ ಚಿತ್ರ ಊರಿಗೆ ತಲುಪಿ, ಮನೆಯವರಿಗೆ ತಲೆ ಎತ್ತಲಾಗುತ್ತಿಲ್ಲವಂತೆ. ನಮ್ಮ ಊರಿನ ನಾಟಕದಲ್ಲಿ ದೊಡ್ಡಪ್ಪ ಎಷ್ಟೋ ವರ್ಷ ದ್ರೌಪದಿಯ ಪಾತ್ರ ಮಾಡಿದವರು. ಅವರಿಗೆ ಹಾರ, ನನಗೆ ಬೈಗುಳ ಏಕೆ?
– ಸಾಫ್ಟ್‌ವೇರ್ ಉದ್ಯೋಗಿ, ಚನ್ನರಾಯಪಟ್ಟಣ

ಉತ್ತರ: ದೊಡ್ಡಪ್ಪನವರ ವೇಷಕ್ಕೆ ಕಾವಲಿತ್ತು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ್ದರು, ಪಾತ್ರಧಾರಿಗಳು ತಾವೇ ದುಡ್ಡು ಹಾಕಿ ಡ್ರೆಸ್ಸು, ಸೀನರಿ ತರಿಸಿದ್ದರು, ದ್ರೌಪದಿ ಯಾರೆಂಬುದು ಊರಿಗೆಲ್ಲ ಮೊದಲೇ ಗೊತ್ತಿತ್ತು, ಬೆಳಗಾದರೆ ಬಣ್ಣ ಅಳಿಸಿ ಗದ್ದೆಗೆ ಹೋಗುತ್ತಿದ್ದರು. ಪೌರಾಣಿಕ ನಾಟಕಗಳಿಗೆ ಈಗ ಸ್ತ್ರೀಪಾತ್ರಕ್ಕೆ ಕಲಾವಿದೆಯರನ್ನೇ ಕರೆಸುವುದರಿಂದ, ಗಂಡಸು ಸೀರೆ ಉಟ್ಟದ್ದನ್ನು ನೋಡುವ ಅಭ್ಯಾಸವೂ ಊರಿಗೆ ತಪ್ಪುತ್ತಿದೆ. ನಿಮ್ಮ ಚಿತ್ರ ಮೊಬೈಲಿನಲ್ಲಿ ಬಂದದ್ದು ಕಥೆಯಿಲ್ಲದೆ, ರಂಗವಿಲ್ಲದೆ, ತಾರೀಖಿಲ್ಲದೆ.

ಗಂಡಸರು ಹೆಣ್ಣುಡುಗೆ ತೊಡುವುದು ನಮ್ಮ ನೆರೆಯಲ್ಲೇ ಇದೆ. ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಬುಡಕಟ್ಟಿನವರು ಹೆಣ್ಣಿನ ವೇಷವೂ ಸೇರಿದಂತೆ ಬಗೆಬಗೆಯ ವೇಷ ತೊಟ್ಟು, ದೇವರನ್ನೇ ಬಾಯಿಗೆ ಬಂದಂತೆ ಬಯ್ಯುತ್ತ ಬೀದಿಯಲ್ಲಿ ಕುಣಿಯುತ್ತಾರೆ. ಮಾರನೆಯ ದಿನ ಯಾರೂ ಲೆಕ್ಕ ಕೇಳುವುದಿಲ್ಲ, ಏಕೆಂದರೆ ಅಂದು ಅದು ಸಲ್ಲುತ್ತದೆಂದು ಎಲ್ಲರೂ ಬಲ್ಲರು. ಮನೆಯವರಿಗೆ ಒಂದೇ ಚಿತ್ರದ ಬದಲು ಇಡೀ ಪಾರ್ಟಿಯ ಚಿತ್ರಗಳನ್ನು ತೋರಿಸಿ, ಉಳಿದವರು ಏನಾಗಿದ್ದರೆಂಬುದನ್ನೂ ಹೇಳಿರಿ. ಮೊದಲು ತೋರಿಸಬೇಕಾದದ್ದು ದೊಡ್ಡಪ್ಪನವರಿಗೆ. ಸೆರಗು ಸರಿಯಾಗಿ ಹೊದ್ದಿಲ್ಲವೆಂದು ಅವರು ಬಯ್ದರೆ ಅರ್ಧ ಜಗಳ ಮುಗಿಯಿತು.

ಪ್ರಶ್ನೆ: ಮಗಳ ಮದುವೆಗೆ ಅವಳ ಜರ್ಮನ್ ಸಹೋದ್ಯೋಗಿ ಬರುತ್ತಿದ್ದಾನೆ. ಪಂಚೆ ಉಡಬೇಕೆಂದು ಅವನಿಗೆ ಆಸೆ, ಆದರೆ ನಮ್ಮ ಸಂಸ್ಕೃತಿಯನ್ನು ಅಣಕಿಸಿದಂತಾದೀತೆಂಬ ಭಯವಂತೆ. ಏನು ಹೇಳಲಿ?
– ಓದುಗರು, ಹೊಳೆನರಸೀಪುರ

ಉತ್ತರ: ಅವನ ಭಯ ಅವನ ಊರಿನ ಚರ್ಚೆಗಳಿಂದ ಬಂದದ್ದು, ಒಳ್ಳೆಯ ಮನಸ್ಸಿನದೇ. ಆದರೆ ಕರೆದ ಮನೆಯವರು ಕೊಟ್ಟ ಉಡುಗೆಯನ್ನು ಕರೆದ ಮನೆಯ ಶುಭಕಾರ್ಯದಲ್ಲಿ ಉಡುವುದು ಅಣಕವಾಗುವುದಿಲ್ಲವೆಂದು ನೀವೇ ಪತ್ರ ಬರೆಯಿರಿ. ಆ ಮಾತು ಮಗಳಿಗಿಂತ ಮನೆಯ ಹಿರಿಯರಿಂದ ಬಂದರೆ ಅವನಿಗೆ ಧೈರ್ಯ. ಪೇಟ, ನಾಮ, ಕಡಗ ಎಂದೆಲ್ಲ ಹೇರಿ ಅವನನ್ನು ನಿಮ್ಮ ಕಡೆಯ ಹುಡುಗರು ಸೆಲ್ಫಿಯ ಸಾಮಗ್ರಿ ಮಾಡದಂತೆ ನೋಡಿಕೊಳ್ಳಿರಿ, ಅಪಾಯ ಇರುವುದು ಅಲ್ಲಿ. ಬಿಳಿ ಪಂಚೆ, ತಿಳಿಬಣ್ಣದ ಶರ್ಟು, ಒಂದು ಶಲ್ಯ ಸಾಕು. ಸೊಂಟಕ್ಕೆ ಅಂಟಿಸಿಕೊಳ್ಳುವ ಪಟ್ಟಿಯಿರುವ ಪಂಚೆಗಳು ಅಂಗಡಿಯಲ್ಲಿ ಸಿಗುತ್ತವೆ; ಅದು ಸಿಗದಿದ್ದರೆ ಒಳಗೊಂದು ಚಡ್ಡಿ, ಮೇಲೊಂದು ಬೆಲ್ಟು. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಏಳುವುದನ್ನು ಹಿಂದಿನ ದಿನವೇ ಅಭ್ಯಾಸ ಮಾಡಿಸಿರಿ.